ಹಳೆ ಕಾರಿನ ಇಂಜಿನ್ ಅಲ್ಲಾಡಲೇಬಾರದೇ? ರಬ್ಬರ್ ತೆಗೆದು ಬಿಗಿಯುವ ಮುನ್ನ ಇದನ್ನು ಓದಿ

ಹಳೆ ಕಾರನ್ನು ಹೊಸದರಂತೆ ಮಾಡುವ ವಿಡಿಯೋಗಳು ವಾಟ್ಸಾಪ್ ಗುಂಪುಗಳಲ್ಲಿ ಆಗಾಗ ಹರಿದಾಡುತ್ತವೆ. ತುಕ್ಕು ಹಿಡಿದ ಬಾಡಿ, ಚೈನ್ ಬ್ಲಾಕಿನಲ್ಲಿ ತೂಗುವ ಇಂಜಿನ್, ಕೊನೆಗೆ ಹೊಳೆಯುವ ಗಾಡಿ. ಜೊತೆಗೆ ಒಂದು ಸಲಹೆಯೂ ಬರುವುದುಂಟು: ‘ಹಳೆ ಕಾಲದ ಗಾಡಿಗೆ ರಬ್ಬರ್ ಬೇಡ, ಇಂಜಿನ್ನನ್ನು ನೇರವಾಗಿ ಚಾಸಿಸ್‌ಗೆ ಬೋಲ್ಟ್ ಹಾಕಿ ಬಿಗಿಯಿರಿ. ಅಲ್ಲಾಡದ ಇಂಜಿನ್ನೇ ಗಟ್ಟಿ.’ ಈ ಮಾತಿನಲ್ಲಿ ಅರ್ಧ ನಿಜವಿದೆ. ಉಳಿದರ್ಧವನ್ನು ನಂಬಿದರೆ ಕಾರಿಗೆ ಹಾನಿ, ಕೆಲವೊಮ್ಮೆ ಬೆಂಕಿಯ ಅಪಾಯವೂ ಇದೆ. ಅದು ಹೇಗೆ ಎಂದು ನೋಡೋಣ.

ನಿಜವಿರುವ ಅರ್ಧ

ಇಂಜಿನ್ನನ್ನು ಚಾಸಿಸ್ ಮೇಲೆ ಕೂರಿಸುವ ಆಧಾರಕ್ಕೆ ಇಂಜಿನ್ ಮೌಂಟಿಂಗ್ ಎನ್ನುತ್ತಾರೆ. ಕೆಲವು ಗ್ಯಾರೇಜುಗಳಲ್ಲಿ ಫೌಂಡೇಶನ್ ಎಂದೂ ಕರೆಯುತ್ತಾರೆ. ಮೊದಮೊದಲ ಎಷ್ಟೋ ಕಾರುಗಳಲ್ಲಿ ಈ ಜಾಗದಲ್ಲಿ ಇಂದಿನಂಥ ರಬ್ಬರ್ ಇರಲಿಲ್ಲ. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಇದಕ್ಕೆ ಒಳ್ಳೆಯ ಉದಾಹರಣೆ.

ಆದರೆ ಫೋರ್ಡ್ ಅದನ್ನು ನಾಲ್ಕೂ ಮೂಲೆಗಳಲ್ಲಿ ಬಿಗಿದಿರಲಿಲ್ಲ. ಮುಂದೆ ಒಂದು, ಹಿಂದೆ ಎಡಬಲಕ್ಕೆ ಎರಡು, ಒಟ್ಟು ಮೂರೇ ಕಡೆ ಆಧಾರ. ನಮ್ಮ ಮೂರು ಕಲ್ಲಿನ ಒಲೆಯನ್ನು ನೆನಪಿಸಿಕೊಳ್ಳಿ. ನೆಲ ಸಮವಿಲ್ಲದಿದ್ದರೂ ಅದರ ಮೇಲೆ ಪಾತ್ರೆ ಕುಂಟುವುದಿಲ್ಲ. ಹಾಗೆಯೇ ಹಳ್ಳದಿಣ್ಣೆಯ ದಾರಿಯಲ್ಲಿ ಚಾಸಿಸ್ ತಿರುಚಿಕೊಂಡರೂ ಆ ತಿರುಚು ಇಂಜಿನ್‌ಗೆ ಹೆಚ್ಚು ತಟ್ಟಬಾರದು ಎಂಬುದು ಇಲ್ಲಿನ ಲೆಕ್ಕಾಚಾರ. ಅಂದರೆ ರಬ್ಬರ್ ಇಲ್ಲದ ಕಾಲದಲ್ಲೂ ‘ಎಲ್ಲ ಕಡೆ ಬಿಗಿದುಬಿಡು’ ಎಂಬುದು ನಿಯಮವಾಗಿರಲಿಲ್ಲ.

ಇಂಜಿನ್ ನಡುಗುವುದೇಕೆ?

ಸಾಮಾನ್ಯ ನಾಲ್ಕು ಸಿಲಿಂಡರ್ ಪೆಟ್ರೋಲ್ ಇಂಜಿನ್ನಿನಲ್ಲಿ ಕ್ರ್ಯಾಂಕ್ ಒಂದು ಸುತ್ತು ತಿರುಗುವಷ್ಟರಲ್ಲಿ ಎರಡು ಸಲ ಇಂಧನ ಉರಿಯುತ್ತದೆ. ನಿಂತಲ್ಲೇ ನಿಮಿಷಕ್ಕೆ 600 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ 20 ಹೊಡೆತ. ಜೊತೆಗೆ ಪಿಸ್ಟನ್‌ಗಳ ಓಡಾಟದಿಂದ ಮೇಲೆ ಕೆಳಗೆ ಬೇರೊಂದು ಕಂಪನವೂ ಹುಟ್ಟುತ್ತದೆ. ಇಂಜಿನ್ ಎಷ್ಟೇ ಆರೋಗ್ಯವಾಗಿದ್ದರೂ ಇದು ಇದ್ದೇ ಇರುತ್ತದೆ. ಬೋಲ್ಟ್ ಬಿಗಿದರೆ ನಡುಕ ನಿಲ್ಲುವುದಿಲ್ಲ, ಚಾಸಿಸ್‌ಗೆ, ಅಲ್ಲಿಂದ ಸೀಟಿಗೆ ದಾಟುತ್ತದೆ ಅಷ್ಟೆ.

1931ರ ತಿರುವು

ಅಮೆರಿಕದ ಕ್ರೈಸ್ಲರ್ ಕಂಪನಿ 1931ರಲ್ಲಿ ಪ್ಲಿಮತ್ ಪಿಎ ಕಾರಿನಲ್ಲಿ ‘ಫ್ಲೋಟಿಂಗ್ ಪವರ್’ ಎಂಬ ವ್ಯವಸ್ಥೆ ತಂದಿತು. ಇದರಲ್ಲಿ ಮುಂದೆ ಎತ್ತರದಲ್ಲಿ ಒಂದು, ಹಿಂದೆ ಗೇರ್ ಬಾಕ್ಸ್ ಬಳಿ ತಗ್ಗಿನಲ್ಲಿ ಒಂದು ರಬ್ಬರ್ ಆಧಾರವಿತ್ತು. ಎರಡನ್ನೂ ಸೇರಿಸಿ ಗೆರೆ ಎಳೆದರೆ ಅದು ಇಂಜಿನ್ನಿನ ಭಾರಕೇಂದ್ರದ ಮೂಲಕ ಹಾಯುತ್ತದೆ. ಆ ಗೆರೆಯ ಸುತ್ತ ಇಂಜಿನ್ ತೊಟ್ಟಿಲಿನಂತೆ ತೂಗುತ್ತದೆ. ತೂಗಾಟ ಅತಿಯಾಗದಂತೆ ತಡೆಯಲು ಒಂದು ಪಟ್ಟಿ ಸ್ಪ್ರಿಂಗ್ ಇತ್ತು. ಮುಂದೆ ಫ್ರಾನ್ಸಿನ ಸಿಟ್ರೊಯೆನ್ ಕೂಡ ಲೈಸೆನ್ಸ್ ಪಡೆದು ಇದನ್ನು ಬಳಸಿತು.

ಹಾಗಾಗಿ ‘ಹಳೆ ಕಾರು’ ಎಂಬ ಒಂದೇ ಮಾತು ಇಲ್ಲಿ ಸಾಲದು. 1920ರ ಕಾರಿಗೆ ಸರಿಯಾದದ್ದು 1935ರ ಕಾರಿಗೆ ತಪ್ಪಾಗಬಹುದು. ಇಂಜಿನ್ ಅಲ್ಲಾಡಲಿ ಎಂದೇ ಕಟ್ಟಿದ ಕಾರಿನಲ್ಲಿ ಅದನ್ನು ಬಿಗಿದರೆ ಇಂಜಿನ್ನಿನ ಕಿವಿ, ಬ್ರಾಕೆಟ್ಟು, ಚಾಸಿಸ್‌ನ ವೆಲ್ಡಿಂಗ್ ಬಿರುಕು ಬಿಡಬಹುದು. ಎತ್ತರ ಸ್ವಲ್ಪ ಬದಲಾದರೂ ಪ್ರೊಪೆಲ್ಲರ್ ಶಾಫ್ಟಿನ ಕೋನ ಕೆಡುತ್ತದೆ, ಕ್ಲಚ್ ಸರಿಯಾಗಿ ಬಿಡುವುದಿಲ್ಲ, ಫ್ಯಾನು ರೇಡಿಯೇಟರ್‌ಗೆ ತಾಗಬಹುದು.

ಯಾರೂ ಹೇಳದ ಅರ್ಥಿಂಗ್ ವೈರ್

ರಬ್ಬರ್ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಬ್ಯಾಟರಿಯ ಒಂದು ತುದಿಯನ್ನು ಚಾಸಿಸ್‌ಗೆ ಜೋಡಿಸಿದ ಕಾರಿನಲ್ಲಿ ಇಂಜಿನ್ ರಬ್ಬರಿನ ಮೇಲೆ ಕೂತಿದ್ದರೆ, ಇಂಜಿನ್‌ನಿಂದ ಚಾಸಿಸ್‌ಗೆ ದಪ್ಪನೆಯ ಅರ್ಥಿಂಗ್ ಪಟ್ಟಿ ಇರಲೇಬೇಕು. ಕೆಲಸ ಮುಗಿಸುವ ಆತುರದಲ್ಲಿ ಇದನ್ನು ಮರೆಯುವುದು ಸುಲಭ. ರಬ್ಬರ್ ಇಲ್ಲದ ಗಾಡಿಯಲ್ಲೂ ಹೊಸ ಪೇಂಟಿನ ದಪ್ಪ ಪದರ ಇದೇ ತೊಂದರೆ ಕೊಡಬಹುದು.

ಆಗ ಏನಾಗುತ್ತದೆ? ಮನೆಯ ಗೀಸರಿನ ದೊಡ್ಡ ಪ್ಲಗ್ ಇರುವುದು 16 ಆಂಪಿಯರ್‌ಗೆ. ಕಾರಿನ ಸ್ಟಾರ್ಟರ್ ಮೋಟಾರ್ ನೂರಕ್ಕೂ ಹೆಚ್ಚು ಆಂಪಿಯರ್ ಎಳೆಯಬಹುದು. ಅನೇಕ ಹಳೆ ಕಾರುಗಳದು 6 ವೋಲ್ಟ್ ಬ್ಯಾಟರಿ, ಅಷ್ಟೇ ಶಕ್ತಿಗೆ 12 ವೋಲ್ಟಿನ ಎರಡರಷ್ಟು ಕರೆಂಟ್ ಬೇಕು. ಸರಿಯಾದ ದಾರಿ ಸಿಗದಿದ್ದರೆ ಅದು ಚೋಕ್ ಕೇಬಲ್, ಆಕ್ಸಿಲರೇಟರ್ ಕೇಬಲ್ಲಿನಂಥ ತೆಳು ತಂತಿಯಲ್ಲಿ ಹರಿಯುತ್ತದೆ. ತಂತಿ ಕಾಯುತ್ತದೆ, ಹೊಗೆ ಬರುತ್ತದೆ. ಆ ಕೇಬಲ್ಲಿನ ಇನ್ನೊಂದು ತುದಿ ಇರುವುದು ಪೆಟ್ರೋಲ್ ತುಂಬಿದ ಕಾರ್ಬುರೇಟರ್ ಬಳಿ. ಸ್ಟಾರ್ಟ್ ಮಾಡುವಾಗ ಚೋಕ್ ಗುಬ್ಬಿ ಬಿಸಿಯಾದರೆ ತಕ್ಷಣ ನಿಲ್ಲಿಸಿ, ಬ್ಯಾಟರಿ ಕಳಚಿ, ಅರ್ಥಿಂಗ್ ನೋಡಿ.

‘ಹಳೆ ಸ್ಟಾಕಿನ ರಬ್ಬರೇ ಒರಿಜಿನಲ್’ ಸರಿಯೇ?

ರಬ್ಬರ್ ಬಳಸದಿದ್ದರೂ ಮುದಿಯಾಗುತ್ತದೆ. ಗಾಳಿಯ ಆಮ್ಲಜನಕ, ಬಿಸಿಲು, ಶಾಖದಿಂದ ಗಟ್ಟಿಯಾಗಿ ಸೀಳು ಬಿಡುತ್ತದೆ. ಇಂಜಿನ್ ಆಯಿಲ್ ತಾಗಿದರೆ ನೈಸರ್ಗಿಕ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ. 40 ವರ್ಷ ಪೆಟ್ಟಿಗೆಯಲ್ಲಿದ್ದ ‘ಹೊಸ’ ಬುಷ್‌ಗಿಂತ, ಅದೇ ಅಳತೆಗೆ ಈಗ ತಯಾರಾದ ಒಳ್ಳೆಯ ಬುಷ್ ಮೇಲು.

ಬೇರೆ ಇಂಜಿನ್ ಕೂರಿಸಿದರೆ?

ಮೂಲ ಇಂಜಿನ್ ಸಿಗದೆ ಮೌಂಟಿಂಗ್ ಕತ್ತರಿಸಿ ಅಂಬಾಸಿಡರ್ ಇಂಜಿನ್ನನ್ನೋ ಡೀಸೆಲ್ ಇಂಜಿನ್ನನ್ನೋ ಕೂರಿಸುವುದು ನಮ್ಮಲ್ಲಿ ಹೊಸದಲ್ಲ. ಆದರೆ ಕಾನೂನು ಗಮನದಲ್ಲಿರಲಿ. ಕೇಂದ್ರ ಸರ್ಕಾರ 2021ರಲ್ಲಿ ತಂದ ನಿಯಮದಂತೆ ವಿಂಟೇಜ್ ನೋಂದಣಿಗೆ ವಾಹನ 50 ವರ್ಷ ದಾಟಿರಬೇಕು, ಮೂಲ ರೂಪದಲ್ಲಿರಬೇಕು. ಚಾಸಿಸ್, ಬಾಡಿ ಅಥವಾ ಇಂಜಿನ್‌ನಲ್ಲಿ ದೊಡ್ಡ ಮಾರ್ಪಾಡು ಆಗಿರಬಾರದು. ಹೊಸ ನೋಂದಣಿ ಶುಲ್ಕ 20,000 ರೂಪಾಯಿ, ಅವಧಿ 10 ವರ್ಷ. ಆರ್‌ಸಿಯಲ್ಲಿ ಇಂಜಿನ್ ನಂಬರೂ ಇರುವುದರಿಂದ, ಇಂಜಿನ್ ಬದಲಿಸುವ ಮೊದಲೇ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸುವುದು ಒಳ್ಳೆಯದು.

ಗ್ಯಾರೇಜಿನಲ್ಲಿ ಗಮನಿಸಬೇಕಾದದ್ದು

• ಬಿಚ್ಚುವಾಗಲೇ ಪ್ರತಿ ವಾಷರ್, ಪ್ಯಾಕಿಂಗ್ ತಗಡಿನ ಜಾಗದ ಫೋಟೋ ತೆಗೆದುಕೊಳ್ಳಿ.
• ಎರಕದ ಕಬ್ಬಿಣದ ನಾಲ್ಕು ಸಿಲಿಂಡರ್ ಇಂಜಿನ್ 150 ಕಿಲೋ ಮೀರುವುದು ಸಾಮಾನ್ಯ. ತೂಗುತ್ತಿರುವಾಗ ಅದರ ಕೆಳಗೆ ಹೋಗಬೇಡಿ, ಇಂಜಿನ್ನಿಗೂ ಚಾಸಿಸ್‌ಗೂ ನಡುವೆ ಕೈ ಹಾಕಬೇಡಿ.
• ಮೊದಲು ಎಲ್ಲ ಬೋಲ್ಟ್‌ಗಳನ್ನು ಕೈಯಲ್ಲೇ ಕೂರಿಸಿ. ಇಂಜಿನ್ನಿನ ಪೂರ್ತಿ ಭಾರ ರಬ್ಬರ್ ಮೇಲೆ ಇಳಿದ ನಂತರವೇ ಬಿಗಿಯಿರಿ.
• ತೂತು ಕೂಡದಿದ್ದರೆ ದೊಡ್ಡದು ಮಾಡಬೇಡಿ. ಏಕೆ ಕೂಡುತ್ತಿಲ್ಲ ಎಂದು ಹುಡುಕಿ. ಚಾಸಿಸ್ ಸೊಟ್ಟಗಾಗಿರಬಹುದು.
• ಅರ್ಥಿಂಗ್ ಪಟ್ಟಿ ಕೂರುವ ಜಾಗದಲ್ಲಿ ಪೇಂಟ್ ಕೆರೆದು ಲೋಹಕ್ಕೆ ಲೋಹ ತಾಗುವಂತೆ ಮಾಡಿ. ಇದಾದ ಮೇಲೆಯೇ ಸ್ಟಾರ್ಟರ್ ಮುಟ್ಟಿ.

ಒಟ್ಟಾರೆ ಹೇಳುವುದಾದರೆ, ಕಬ್ಬಿಣ ಮೇಲೋ ರಬ್ಬರ್ ಮೇಲೋ ಎಂಬ ಪ್ರಶ್ನೆಗೆ ಎಲ್ಲ ಕಾರುಗಳಿಗೂ ಒಂದೇ ಉತ್ತರವಿಲ್ಲ. ಈ ಕಾರು ಕಾರ್ಖಾನೆಯಿಂದ ಹೊರಬಂದಾಗ ಇಂಜಿನ್ ಹೇಗೆ ಕೂತಿತ್ತು ಎಂದು ಆ ಮಾಡೆಲ್‌ನ ಸರ್ವಿಸ್ ಪುಸ್ತಕ ನೋಡಿ ತಿಳಿಯಿರಿ. ‘ಬಿಗಿದುಬಿಡಿ’ ಎಂಬ ವಿಡಿಯೋ ನಿಮಗೂ ಬಂದಿದ್ದರೆ, ಮುಂದಕ್ಕೆ ಕಳಿಸುವ ಮೊದಲು ಅದು ಯಾವ ವರ್ಷದ, ಯಾವ ಕಾರಿಗೆ ಹೇಳಿದ್ದು ಎಂದು ಕೇಳಿ.