ಫಾಂಡ್ಯೂ: ಸರ್ಕಾರದ ಪಾತ್ರೆ, ಮನೆಯ ರುಚಿ

ಎರಡು ವರ್ಷಗಳ ಹಿಂದೆ ಜನವರಿ ತಿಂಗಳನ್ನು ನಾನು ಸ್ವಿಟ್ಜರ್ಲೆಂಡಿನ ಬರ್ನ್ ನಗರದಲ್ಲಿ, ಮಗಳ ಮನೆಯಲ್ಲಿ ಕಳೆದೆ. ಹೊರಗೆ ಹಿಮ, ಸಂಜೆ ಐದೂವರೆಗೆಲ್ಲ ಕತ್ತಲು. ಒಂದು ಶನಿವಾರ ಮಗಳು ಪಕ್ಕದ ಮನೆಯ ವೃದ್ಧ ದಂಪತಿಯನ್ನು ಊಟಕ್ಕೆ ಕರೆದಳು. ನಾಲ್ಕು ವರ್ಷಗಳಿಂದ ಅವರ ಮನೆಯ ಬೀಗದ ಕೈ ಇವಳಲ್ಲಿತ್ತು, ಇವಳದು ಅವರಲ್ಲಿತ್ತು. ಆದರೂ ಒಬ್ಬರ ಮನೆಯಲ್ಲಿ ಇನ್ನೊಬ್ಬರು ಕುಳಿತು ಉಂಡಿರಲಿಲ್ಲ. ಅವರ ದೇಶದ ರಾಷ್ಟ್ರೀಯ ಭಕ್ಷ್ಯವೆಂದೇ ಹೆಸರಾದ ಫಾಂಡ್ಯೂವನ್ನು ತಾನೇ ಮಾಡಿ ಬಡಿಸುವುದೆಂದು ಮಗಳ ಸಂಕಲ್ಪ.

ಫಾಂಡ್ಯೂ ಎಂದರೆ ಫ್ರೆಂಚ್ ಭಾಷೆಯಲ್ಲಿ ಕರಗಿದ್ದು ಎಂದರ್ಥ. ದಪ್ಪ ತಳದ ಪಾತ್ರೆಯಲ್ಲಿ ಚೀಸನ್ನು ಬಿಳಿ ವೈನಿನೊಡನೆ ಕರಗಿಸಿ, ಪಾತ್ರೆಯನ್ನು ಮೇಜಿನ ನಡುವೆ ಸಣ್ಣ ಸ್ಪಿರಿಟ್ ದೀಪದ ಮೇಲಿಟ್ಟು, ಎಲ್ಲರೂ ಉದ್ದನೆಯ ಮುಳ್ಳುಚಮಚಕ್ಕೆ ಬ್ರೆಡ್ಡಿನ ತುಂಡು ಸಿಕ್ಕಿಸಿಕೊಂಡು ಅದರಲ್ಲಿ ಅದ್ದಿ ತಿನ್ನುವುದು. ತಟ್ಟೆಗೆ ಬಡಿಸುವ ಪ್ರಶ್ನೆಯೇ ಇಲ್ಲ. (ಚೀಸಿಗೆ ನಮ್ಮ ನಿಘಂಟುಗಳು ಗಿಣ್ಣು ಎಂಬ ಅರ್ಥ ಕೊಡುತ್ತವೆ. ಕರು ಹಾಕಿದ ಹಸುವಿನ ಮೊದಲ ದಿನಗಳ ಹಾಲಿನಿಂದ ಮಾಡಿದ ಗಿಣ್ಣನ್ನು ತಿಂದ ಯಾರಿಗೂ ಇದು ಒಪ್ಪಿಗೆಯಾಗದು. ಚೀಸ್ ಎಂದೇ ಬರೆಯುತ್ತೇನೆ.)

ಸಮಸ್ಯೆ ನನ್ನಿಂದಲೇ ಆರಂಭವಾಯಿತು. ನಾನು ವೈನ್ ಮುಟ್ಟುವುದಿಲ್ಲ. ಸಸ್ಯಾಹಾರಿ ಬೇರೆ. ಫಾಂಡ್ಯೂವಿನ ಜೀವಾಳವೆನ್ನಲಾಗುವ ಗ್ರೂಯೆರ್ ಚೀಸನ್ನು ಸಾಂಪ್ರದಾಯಿಕವಾಗಿ ಕರುವಿನ ಜಠರದಿಂದ ತೆಗೆದ ಹೆಪ್ಪಿನಿಂದಲೇ ಮಾಡುತ್ತಾರೆ. ಮಗಳು ಅಂಗಡಿಯಲ್ಲಿ ಅರ್ಧ ಗಂಟೆ ನಿಂತು ಚೀಟಿಗಳನ್ನು ಓದಿ, ಸೂಕ್ಷ್ಮಾಣುಜನ್ಯ ಹೆಪ್ಪಿನಿಂದ ಮಾಡಿದ ಮುಕ್ಕಾಲು ಕಿಲೋ ಗಟ್ಟಿ ಚೀಸನ್ನೂ ಕಾಲು ಕಿಲೋ ನೀಲಿ ಚೀಸನ್ನೂ ತಂದಳು. ನೀಲಿ ಚೀಸ್ ಅವಳ ಸ್ವಂತ ಆಸೆ. ಮೈಯೊಳಗೆ ಹಸಿರು-ನೀಲಿ ಬೂಷ್ಟಿನ ನರಗಳು ಹರಡಿರುವ, ಮೂಗಿಗೆ ಖಾರವಾಗಿ ತಾಗುವ ಚೀಸದು. ಉಪ್ಪಿನಕಾಯಿ ಭರಣಿಯ ಬಾಯಲ್ಲಿ ಬೆಳ್ಳಗಿನ ಪದರ ಕಂಡರೆ ಭರಣಿಯನ್ನೇ ಹಿತ್ತಲಿಗೆ ಹೊರಿಸುತ್ತಿದ್ದ ನನ್ನ ತಾಯಿ ಇದನ್ನು ಕಂಡಿದ್ದರೆ ಏನೆನ್ನುತ್ತಿದ್ದರೋ!

ವೈನ್ ಇಲ್ಲ, ಗ್ರೂಯೆರ್ ಇಲ್ಲ, ಮೇಲಾಗಿ ಬೂಷ್ಟಿನ ಚೀಸ್. ‘ಇದನ್ನು ಫಾಂಡ್ಯೂ ಅನ್ನುತ್ತಾರಾ, ಅಪ್ಪ? ಅವರು ನಗುವುದಿಲ್ಲ ತಾನೆ?’ ಎಂದು ಮಗಳು ಅಳುಕಿದಳು. ಅರ್ಥಶಾಸ್ತ್ರ ಓದಿದವನ ಹಳೆಯ ಚಾಳಿ, ಯಾವುದೇ ‘ಅಸಲಿ’ಯ ಹಿಂದೆ ಯಾರ ಲೆಕ್ಕಪತ್ರವಿದೆ ಎಂದು ನೋಡುವುದು. ನೋಡಿದೆ. ಸ್ವಾರಸ್ಯವಾದ ಕಥೆ ಸಿಕ್ಕಿತು.

ಚೀಸನ್ನು ವೈನಿನೊಡನೆ ಬೇಯಿಸುವ ವಿಧಾನ ಹಳೆಯದೇ. 1699ರಲ್ಲಿ ಜ್ಯೂರಿಕ್‌ನಲ್ಲಿ ಪ್ರಕಟವಾದ ಪಾಕಪುಸ್ತಕವೊಂದರಲ್ಲಿ ಅದು ದೊರೆಯುತ್ತದೆ. ಆದರೆ ಅದು ಇಡೀ ದೇಶದ ಊಟವೇನೂ ಆಗಿರಲಿಲ್ಲ. ಪಶ್ಚಿಮದ ಫ್ರೆಂಚ್ ಭಾಷಿಕ ಪ್ರದೇಶದ ಖಾದ್ಯವೆಂದೇ ಹೆಸರಾಗಿತ್ತು. ಅದನ್ನು ರಾಷ್ಟ್ರೀಯ ಭಕ್ಷ್ಯದ ಪಟ್ಟಕ್ಕೇರಿಸಿದ್ದು ಸ್ವಿಸ್ ಚೀಸ್ ಯೂನಿಯನ್ ಎಂಬ ಸಂಸ್ಥೆ. ಮೊದಲ ಮಹಾಯುದ್ಧ ಆರಂಭವಾದ 1914ರಲ್ಲಿ ಹುಟ್ಟಿದ ಈ ಸಂಸ್ಥೆ ಸರ್ಕಾರದ ಬೆಂಬಲದಿಂದ ಚೀಸನ್ನು ನಿಗದಿತ ಬೆಲೆಗೆ ಕೊಂಡು, ನಿಗದಿತ ಬೆಲೆಗೆ ಮಾರುತ್ತಿತ್ತು. ನಮ್ಮ ಪಠ್ಯಪುಸ್ತಕಗಳ ಭಾಷೆಯಲ್ಲಿ ಹೇಳುವುದಾದರೆ ಅಪ್ಪಟ ಕಾರ್ಟೆಲ್. ಅದು ಪೋಷಿಸಿದ್ದು ಎಮೆಂಟಾಲ್, ಗ್ರೂಯೆರ್, ಸ್ಬ್ರಿನ್ಸ್‌ನಂಥ ಬೆರಳೆಣಿಕೆಯ ಬಗೆಗಳನ್ನು ಮಾತ್ರ. 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ರಫ್ತು ಕುಸಿಯಿತು, ಚೀಸ್ ಉಳಿಯಿತು. ಉಳಿದ ಚೀಸನ್ನು ದೇಶದ ಜನರೇ ತಿನ್ನಬೇಕು. ಒಂದು ಕೂತಿಗೆ ಒಬ್ಬೊಬ್ಬರೂ ಕಾಲು ಕಿಲೋದಷ್ಟು ಚೀಸ್ ತಿನ್ನುವಂಥ ಖಾದ್ಯ ಬೇರಾವುದಿದೆ? ಯೂನಿಯನ್ ಫಾಂಡ್ಯೂವಿಗೆ ಜೋತುಬಿತ್ತು. ಯುದ್ಧಕಾಲದ ಪಡಿತರ ಮುಗಿದ ಮೇಲೆ ಸೇನಾ ತುಕಡಿಗಳಿಗೂ ಸಮಾರಂಭಗಳ ಸಂಘಟಕರಿಗೂ ಫಾಂಡ್ಯೂ ಪಾತ್ರೆಗಳನ್ನೇ ಕಳುಹಿಸಿಕೊಟ್ಟಿತು. ಜರ್ಮನ್, ಫ್ರೆಂಚ್, ಇಟಾಲಿಯನ್ ಎಂದು ಭಾಷೆಗಳಲ್ಲಿ ಹಂಚಿಹೋದ ದೇಶಕ್ಕೆ ಒಂದೇ ಪಾತ್ರೆಯಲ್ಲಿ ಉಣ್ಣುವ ಚಿತ್ರ ಹಿಡಿಸಿತೆಂದು ತೋರುತ್ತದೆ.

ಇದನ್ನು ಓದಿದಾಗ ನನಗೆ ನಗು ಬರಲಿಲ್ಲ, ಪರಿಚಯದ ಭಾವ ಬಂತು. ಮಿಗುವ ಹಾಲು ಯಾವುದೇ ಆಡಳಿತಗಾರನ ನಿದ್ದೆ ಕೆಡಿಸುವ ವಸ್ತು. ಹಸುವಿಗೆ ಹರತಾಳ ಗೊತ್ತಿಲ್ಲ, ಬೆಲೆ ಕುಸಿಯಿತೆಂದು ಅದು ಹಾಲು ಕೊಡುವುದನ್ನು ನಿಲ್ಲಿಸುವುದಿಲ್ಲ. ನಮ್ಮಲ್ಲಿ 2013ರ ಆಗಸ್ಟ್ 1ರಂದು ಆರಂಭವಾದ ಕ್ಷೀರಭಾಗ್ಯ ಯೋಜನೆಯ ಹಿಂದೆ ಮಕ್ಕಳ ಪೌಷ್ಟಿಕತೆಯ ಕಾಳಜಿ ಇದ್ದಂತೆಯೇ ಹಾಲು ಮಹಾಮಂಡಲದಲ್ಲಿ ಮಿಗುತ್ತಿದ್ದ ಹಾಲಿಗೆ ದಾರಿ ಹುಡುಕುವ ಅಗತ್ಯವೂ ಇತ್ತು. ಹಾಗೆಂದು ಶಾಲೆಯ ಮಗುವಿನ ಲೋಟದ ಹಾಲು ಹಾಲಲ್ಲದೆ ಹೋಯಿತೇ? ಉದ್ದೇಶ ಎರಡಿದ್ದರೆ ಎರಡನ್ನೂ ಒಪ್ಪಿಕೊಳ್ಳುವ ಪ್ರಾಮಾಣಿಕತೆ ಇದ್ದರೆ ಸಾಕು.

ಸ್ವಿಸ್ ಯೂನಿಯನ್ನಿನ ಮೇಲೆ ನನ್ನ ಆಕ್ಷೇಪ ಬೇರೆಯದು. ತೆರಿಗೆದಾರನ ಹಣದಿಂದ ಹೊರದೇಶಕ್ಕೆ ಅಗ್ಗದ ಚೀಸ್ ಕಳುಹಿಸಿದ್ದು ಒಂದು. ಅದಕ್ಕಿಂತ ದೊಡ್ಡದು, ಕೆಲವೇ ಬಗೆಗಳಿಗೆ ಖಚಿತ ಬೆಲೆ ಕೊಟ್ಟು, ಬೇರೆಯದನ್ನು ಮಾಡಿ ನೋಡುವ ಹುಮ್ಮಸ್ಸನ್ನು ಕುಗ್ಗಿಸಿದ್ದು. ಕೊಳ್ಳುವವನು ಒಬ್ಬನೇ ಆದಾಗ ಮಾಡುವವನು ಅವನ ರುಚಿಗೇ ಮಾಡುತ್ತಾನೆ. 1999ರಲ್ಲಿ ಯೂನಿಯನ್ ಮುಚ್ಚಿತು. ಆ ಬಳಿಕ ಸಣ್ಣ ತಯಾರಕರು ಹೊಸ ಬಗೆಗಳಿಗೆ ಕೈಹಾಕಿದರು.

ನೀಲಿ ಚೀಸಿನ ಹಿಂದೆಯೂ ಸರ್ಕಾರಗಳಿವೆ. ಅದರ ಬೂಷ್ಟಿನ ಶಾಸ್ತ್ರೀಯ ನಾಮ ಪೆನಿಸಿಲಿಯಂ ರೋಕ್‌ಫೋರ್ಟಿ. ದಕ್ಷಿಣ ಫ್ರಾನ್ಸಿನ ರೋಕ್‌ಫೋರ್ ಗ್ರಾಮದ ಹೆಸರು ಅದು. ಕುರಿಹಾಲಿನ ಆ ಚೀಸಿಗೆ 1925ರಷ್ಟು ಹಿಂದೆಯೇ ಕಾನೂನಿನ ರಕ್ಷಣೆ ದೊರಕಿತ್ತು. 1999ರಲ್ಲಿ, ಹಾರ್ಮೋನ್ ನೀಡಿ ಬೆಳೆಸಿದ ದನದ ಮಾಂಸವನ್ನು ಯುರೋಪ್ ನಿಷೇಧಿಸಿದ್ದಕ್ಕೆ ಪ್ರತೀಕಾರವಾಗಿ ಅಮೆರಿಕ ಈ ಚೀಸಿನ ಮೇಲೆ ಶೇ 100ರಷ್ಟು ಸುಂಕ ಹೇರಿತು. ಕುರಿ ಸಾಕುವ ಜೋಸೆ ಬೋವೆ ಮತ್ತವರ ಸಂಗಡಿಗರು ಅದೇ ವರ್ಷ ಮಿಯೋ ಪಟ್ಟಣದಲ್ಲಿ ಕಟ್ಟುತ್ತಿದ್ದ ಮೆಕ್‌ಡೊನಾಲ್ಡ್ಸ್ ಅಂಗಡಿಯನ್ನು ಕಳಚಿಹಾಕಿ ಜಗತ್ತಿನಾದ್ಯಂತ ಸುದ್ದಿಯಾದರು. ದನದ ಜಗಳದಲ್ಲಿ ಕುರಿಯ ಹಾಲಿಗೆ ದಂಡ!

ಹೀಗಾಗಿ ಮಗಳಿಗೆ ನಾನು ಹೇಳಿದ್ದು ಇಷ್ಟೇ: ‘ಇವರ ಅಸಲಿ ಅನ್ನುವುದಕ್ಕೆ ತೊಂಬತ್ತು ವರ್ಷ ವಯಸ್ಸು, ಅದೂ ಕಚೇರಿಯಲ್ಲಿ ಕೂತು ಮಾಡಿದ್ದು. ನೀನು ಧೈರ್ಯವಾಗಿ ಮಾಡು.’

ಧೈರ್ಯವೊಂದರಿಂದಲೇ ಚೀಸ್ ಕರಗುವುದಿಲ್ಲ ಎಂಬುದು ಆರು ಗಂಟೆಯ ಹೊತ್ತಿಗೆ ಗೊತ್ತಾಯಿತು. ಪಾತ್ರೆಯ ಒಳಮೈಗೆ ಬೆಳ್ಳುಳ್ಳಿ ಎಸಳನ್ನು ಉಜ್ಜಿ, ವೈನಿನ ಬದಲು ಸೇಬಿನ ರಸ ಕಾಯಿಸಿ, ತುರಿದ ಗಟ್ಟಿ ಚೀಸನ್ನು ಹಿಡಿಹಿಡಿಯಾಗಿ ಹಾಕಿದಳು. ನೆಂಟರು ಬರುವ ಅವಸರಕ್ಕೆ ಉರಿ ಹೆಚ್ಚಾಯಿತು. ನೋಡನೋಡುತ್ತಿದ್ದಂತೆ ಚೀಸ್ ರಬ್ಬರಿನ ಉಂಡೆಯಾಗಿ ಒಂದು ಕಡೆ, ಎಣ್ಣೆ ಇನ್ನೊಂದು ಕಡೆ. ಆಗಲೇ ಕರೆಗಂಟೆ ಬಾರಿಸಿತು.

ಪಕ್ಕದ ಮನೆಯಾಕೆ ಕೋಟು ಕಳಚುವ ಮೊದಲೇ ಅಡುಗೆಮನೆಯ ಮೌನವನ್ನು ಅರ್ಥ ಮಾಡಿಕೊಂಡರು. ಪಾತ್ರೆ ನೋಡಿದರು, ಉರಿ ತಗ್ಗಿಸಿದರು, ನಿಂಬೆಹಣ್ಣು ಕೇಳಿದರು. ಎರಡು ಚಮಚ ನಿಂಬೆರಸದಲ್ಲಿ ಮೆಕ್ಕೆಜೋಳದ ಹಿಟ್ಟು, ಅಂದರೆ ನಮ್ಮ ಕಾರ್ನ್‌ಫ್ಲೋರ್, ಕದಡಿ ಹೊಯ್ದು, ಮರದ ಸೌಟಿನಿಂದ ಎಂಟರ ಅಂಕೆ ಬರೆಯುವಂತೆ ತಿರುವತೊಡಗಿದರು. ಹತ್ತು ನಿಮಿಷದಲ್ಲಿ ಒಡೆದದ್ದು ಕೂಡಿತು.

ಇದರಲ್ಲಿ ಪವಾಡವೇನೂ ಇಲ್ಲ. ಚೀಸಿನ ಪ್ರೋಟೀನನ್ನು ಬಿಗಿಯಾಗಿ ಹಿಡಿದಿರುವುದು ಸುಣ್ಣದ ಅಂಶ, ಕ್ಯಾಲ್ಸಿಯಂ. ವೈನಿನಲ್ಲೂ ನಿಂಬೆಯಲ್ಲೂ ಇರುವ ಆಮ್ಲ ಆ ಕ್ಯಾಲ್ಸಿಯಮ್ಮನ್ನು ತನ್ನತ್ತ ಸೆಳೆದುಕೊಳ್ಳುತ್ತದೆ. ಬಿಗಿ ಸಡಿಲಿದ ಪ್ರೋಟೀನು ಕೊಬ್ಬನ್ನೂ ನೀರನ್ನೂ ಒಟ್ಟಿಗೆ ಹಿಡಿದುಕೊಳ್ಳುತ್ತದೆ. ಪಿಷ್ಟ ಅದಕ್ಕೆ ಒತ್ತಾಸೆ. ಸಿಹಿ ಸೇಬಿನ ರಸದಲ್ಲಿ ಆಮ್ಲ ಸಾಲದು, ಆದ್ದರಿಂದ ವೈನ್ ಬಿಟ್ಟವರು ನಿಂಬೆಯನ್ನು ಬಿಡಬಾರದು. ಮೆಕ್ಕೆಜೋಳದ ಹಿಟ್ಟು ಸ್ವಿಟ್ಜರ್ಲೆಂಡಿಗೆ ಬಂದದ್ದೇ 1905ರಲ್ಲಿ. ಅದಕ್ಕೆ ಮೊದಲು ಎಷ್ಟು ಮನೆಗಳಲ್ಲಿ ಎಷ್ಟು ಪಾತ್ರೆಗಳು ಒಡೆದಿದ್ದವೋ! ಬರ್ನ್‌ನಿಂದ ರೈಲಿನಲ್ಲಿ ಅರ್ಧ ಗಂಟೆಯೂ ಆಗದ ಥೂನ್ ಪಟ್ಟಣದಲ್ಲಿ 1911ರಲ್ಲಿ ಗೆರ್ಬರ್ ಮತ್ತು ಸ್ಟೆಟ್ಲರ್ ಎಂಬ ಇಬ್ಬರು ಸಿಟ್ರೇಟ್ ಲವಣ ಬಳಸಿ ಕೆಡದ ಸಂಸ್ಕರಿತ ಚೀಸನ್ನು ತಯಾರಿಸಿದರು. ಇಂದು ನಮ್ಮ ಕಿರಾಣಿ ಅಂಗಡಿಯ ಫ್ರಿಜ್ಜಿನಲ್ಲಿರುವ ಘನಾಕೃತಿಯ ಚೀಸ್ ಅದರದೇ ಸಂತತಿ.

ನೀಲಿ ಚೀಸನ್ನು ಕೊನೆಗೆ, ಪಾತ್ರೆ ಒಲೆಯಿಂದ ಇಳಿಯುವ ಮುನ್ನ ಪುಡಿಮಾಡಿ ಬೆರೆಸಬೇಕು. ಹೆಚ್ಚು ಕಾದರೆ ಅದರ ಘಮ ಹಾರಿಹೋಗಿ ಬರೀ ಕಟುತ್ವ ಉಳಿಯುತ್ತದೆ. ಅದರಲ್ಲಿ ಉಪ್ಪು ಧಾರಾಳವಾಗಿರುವುದರಿಂದ ಬೇರೆ ಉಪ್ಪು ಕೂಡದು. ಕಾಳುಮೆಣಸು, ಒಂದು ಚಿಟಿಕೆ ಜಾಯಿಕಾಯಿ, ಅಷ್ಟೇ. ಅದ್ದಲು ಹಿಂದಿನ ದಿನದ ಗಟ್ಟಿ ಬ್ರೆಡ್ ಜೊತೆಗೆ ಪೇರ್ ಹಣ್ಣಿನ ಹೋಳುಗಳನ್ನೂ ಇಟ್ಟಿದ್ದಳು. ಪೇರ್ ಹಣ್ಣಿನ ಸಿಹಿಯ ಮೇಲೆ ಬೂಷ್ಟಿನ ಖಾರ ಬೀಳುವುದು ಎಂಥ ಹೊಂದಾಣಿಕೆ ಎಂಬುದನ್ನು ತಿಂದೇ ತಿಳಿಯಬೇಕು.

ಊಟಕ್ಕೆ ಕುಳಿತಾಗ ನನ್ನೊಳಗೊಂದು ಹಿಂಜರಿಕೆ ಇತ್ತೆಂದು ಒಪ್ಪಿಕೊಳ್ಳುತ್ತೇನೆ. ಆರು ಜನ, ಆರು ಚಮಚ, ಒಂದೇ ಪಾತ್ರೆ. ಎಂಜಲು ಎಂಬ ಪದ ಗೊತ್ತಿರುವ ಮನೆಯಲ್ಲಿ ಬೆಳೆದವನು ನಾನು. ಮೊಮ್ಮಗಳು ಪಕ್ಕದಿಂದ ಪಿಸುಗುಟ್ಟಿದಳು: ‘ತಾತ, ಹಲ್ಲಲ್ಲಿ ಎಳೆದುಕೋ, ತುಟಿ ತಾಗಿಸಬೇಡ.’ ಅಲ್ಲಿನ ಶಿಷ್ಟಾಚಾರವೇ ಅದು. ಚಮಚಕ್ಕೆ ತುಟಿಯಾಗಲಿ ನಾಲಗೆಯಾಗಲಿ ಸೋಕಬಾರದು; ಬ್ರೆಡ್ಡಿನ ತುಂಡನ್ನು ಪಾತ್ರೆಯೊಳಗೆ ಬೀಳಿಸಿಕೊಂಡವರು ದಂಡ ತೆರಬೇಕು. ಎಂಜಲಿನ ಲೆಕ್ಕ ಅವರಲ್ಲೂ ಇದೆ. ನಾವು ಅದನ್ನು ಬೇರೆ ಬೇರೆ ಎಲೆ ಹಾಕಿ ಬಗೆಹರಿಸಿಕೊಂಡೆವು, ಅದೂ ಸಾಲದೆ ಬೇರೆ ಬೇರೆ ಪಂಕ್ತಿ ಹಾಕಿ ಕೆಡಿಸಿಕೊಂಡೆವು. ಅವರು ಒಂದೇ ಪಾತ್ರೆಯನ್ನು ಉಳಿಸಿಕೊಂಡು, ಪ್ರತಿಯೊಬ್ಬರೂ ಉಳಿದವರಿಗಾಗಿ ಎಚ್ಚರ ವಹಿಸುವಂತೆ ಮಾಡಿದರು. ಯೂನಿಯನ್ನು ಪಾತ್ರೆಯನ್ನು ಹಂಚಿತೇನೋ ನಿಜ, ಈ ಎಚ್ಚರವನ್ನು ಯಾವ ಜಾಹೀರಾತಿನಿಂದಲೂ ಕಲಿಸಿರಲಾರದು.

ಪಕ್ಕದ ಮನೆಯ ಯಜಮಾನರು ಅಂಚೆ ಇಲಾಖೆಯಿಂದ ನಿವೃತ್ತರಾದವರು. ಮೊದಲ ತುತ್ತಿಗೆ ಹುಬ್ಬೇರಿಸಿದರು. ಮಗಳು ಉಸಿರು ಬಿಗಿಹಿಡಿದಳು. ಎರಡನೆಯದನ್ನು ಅದ್ದುತ್ತ, ತಮ್ಮ ಕಡ್ಡಾಯ ಸೇನಾ ಸೇವೆಯ ದಿನಗಳಲ್ಲಿ ಶಿಬಿರದಲ್ಲಿ ತಿಂದ ಫಾಂಡ್ಯೂವನ್ನು ನೆನೆದರು. ಬಿಸಿಯಾಗಿತ್ತು ಎಂಬುದಷ್ಟೇ ಅದರ ಗುಣವಂತೆ. ಇದು ಫಾಂಡ್ಯೂ ಹೌದೋ ಅಲ್ಲವೋ ಎಂಬ ಮಾತು ಅಲ್ಲಿಗೆ ನಿಂತಿತು. ಆ ಪ್ರಶ್ನೆ ನಮ್ಮನ್ನು ಬಿಟ್ಟು ಬೇರಾರನ್ನೂ ಕಾಡಿರಲೇ ಇಲ್ಲ.

ಬೆಂಗಳೂರಿಗೆ ಮರಳಿದ ಮೇಲೆ ಗೆಳೆಯರೊಬ್ಬರು ಕೇಳಿದರು: ಸ್ವಿಟ್ಜರ್ಲೆಂಡೂ ಸೇರಿದ ಎಫ್ಟಾ ದೇಶಗಳೊಡನೆ ಭಾರತ 2024ರ ಮಾರ್ಚ್‌ನಲ್ಲಿ ಸಹಿ ಮಾಡಿದ ವ್ಯಾಪಾರ ಒಪ್ಪಂದ 2025ರ ಅಕ್ಟೋಬರ್ 1ರಂದು ಜಾರಿಗೆ ಬಂತಲ್ಲ, ಇನ್ನು ಅವರ ಚೀಸ್ ಅಗ್ಗವಾಗುವುದೇ? ಆಗದು. ಹೈನು ಉತ್ಪನ್ನಗಳನ್ನು ಭಾರತ ರಿಯಾಯಿತಿಯ ಹೊರಗಿಟ್ಟಿದೆ. ತಿನ್ನುವವನಾಗಿ ನನಗೆ ಕೊಂಚ ನಿರಾಸೆ. ಆದರೆ ಎರಡು ಹಸು ಕಟ್ಟಿಕೊಂಡು ಸಂಸಾರ ತೂಗಿಸುವ ಕೋಲಾರದ ಹೆಣ್ಣುಮಗಳನ್ನು ನೆನೆದರೆ ಈ ತೀರ್ಮಾನಕ್ಕೆ ನನ್ನ ತಕರಾರಿಲ್ಲ. ಎಂಬತ್ತೈದು ವರ್ಷ ತಮ್ಮ ಹಾಲಿಗೆ ಯೂನಿಯನ್ನಿನ ಬೇಲಿ ಹಾಕಿಕೊಂಡಿದ್ದ ಸ್ವಿಸ್ಸರಿಗೂ ಇದು ಅರ್ಥವಾಗದ ವಿಷಯವಲ್ಲ. ಬೇಲಿಯೊಳಗೆ ಒಂದೇ ಬೆಳೆ ಬೆಳೆಯುವ ಅವರ ತಪ್ಪನ್ನು ನಾವು ಮಾಡದಿದ್ದರೆ ಸಾಕು. ನಮ್ಮ ಆಹಾರ ಸುರಕ್ಷತಾ ನಿಯಮಗಳು ಚೀಸಿಗೆ ಪ್ರಾಣಿಮೂಲದ್ದಲ್ಲದ ಹೆಪ್ಪನ್ನೇ ವಿಧಿಸುವುದರಿಂದ ಸಸ್ಯಾಹಾರಿಗಳಿಗೆ ಇಲ್ಲಿನ ಚೀಸನ್ನು ಕೊಳ್ಳುವಾಗ ಚೀಟಿ ಓದುವ ಕಷ್ಟವೂ ಕಡಿಮೆ. ಕಳೆದ ತಿಂಗಳು ಇಲ್ಲಿಯದೇ ಚೀಸಿನಿಂದ ಮಾಡಿ ನೋಡಿದೆ. ನೀಲಿ ಸ್ವಲ್ಪ ಕಡಿಮೆಯಾಯಿತು, ನಿಂಬೆ ಸ್ವಲ್ಪ ಹೆಚ್ಚಾಯಿತು.

ಬರ್ನ್‌ನ ಆ ರಾತ್ರಿ ಪಾತ್ರೆ ಬರಿದಾದಾಗ ತಳದಲ್ಲಿ ಕಂದುಬಣ್ಣದ ಗರಿಗರಿ ಸೀಕು ಉಳಿದಿತ್ತು. ಅದಕ್ಕೆ ಫ್ರೆಂಚಿನಲ್ಲಿ ಸನ್ಯಾಸಿನಿ ಎಂಬರ್ಥದ ಹೆಸರಿದೆ, ಎಲ್ಲರೂ ಅದಕ್ಕಾಗಿಯೇ ಕಾಯುತ್ತಾರೆ. ಪಕ್ಕದ ಮನೆಯಾಕೆ ಚಾಕುವಿನಿಂದ ಅದನ್ನು ಎಬ್ಬಿಸಿ ಆರು ಪಾಲು ಮಾಡಿದರು. ಮೊಮ್ಮಗಳು ತನ್ನದನ್ನು ಮುಗಿಸಿ ನನ್ನದರತ್ತ ನೋಡಿದಳು. ಅರ್ಧ ಮುರಿದು ಕೊಟ್ಟೆ.