ಗುರುವಿನ ಮಾತು ಮತ್ತು ಶಾಲೆಯ ಗೋಡೆ

ಬೀಳಗಿ ಸೀಮೆಯ ಮಠಾಶ್ರಿತ ವಿದ್ಯಾಲಯಗಳ ಕಟ್ಟಡಗಳು ಬಹುಮಟ್ಟಿಗೆ ಭಕ್ತರ ದಾಸೋಹದಿಂದ ಎದ್ದು ನಿಂತವುಗಳು. ಹೊಸ ಕೋಣೆಯೊಂದು ಪೂರ್ಣಗೊಂಡಾಗ ಅದರ ಉದ್ದಗಲವನ್ನೂ ನೆಲದ ಹೊಳಪನ್ನೂ ಕಂಡು ಎಲ್ಲರೂ ಹರ್ಷಿಸುತ್ತಾರೆ. ಆದರೆ ಕಡೆಯ ಸಾಲಿನ ಬಾಲಕನಿಗೆ ಗುರುವಿನ ಮಾತು ತಿಳಿಯಾಗಿ ಕೇಳಿಸುವುದೇ ಎಂದು ಪರೀಕ್ಷಿಸುವವರು ವಿರಳ.

ಹಿಂದಿನ ಮಣ್ಣಿನ ಮನೆಗಳಲ್ಲಿ ಈ ಚಿಂತೆ ಅಷ್ಟಾಗಿ ಇರಲಿಲ್ಲ. ದಪ್ಪ ಗೋಡೆ ಹೊರಗಿನ ಗದ್ದಲವನ್ನು ತಡೆಯುತ್ತಿತ್ತು; ಜಂತಿಯ ಮಾಳಿಗೆ, ಸಾರಿಸಿದ ನೆಲ, ಹಾಸಿದ ಕಂಬಳಿ, ಪೇರಿಸಿಟ್ಟ ಕೌದಿಗಳು ಒಳಗಿನ ನಾದವನ್ನು ಮೃದುಗೊಳಿಸುತ್ತಿದ್ದವು. ಇಂದಿನ ಸಿಮೆಂಟಿನ ಛಾವಣಿ, ನುಣುಪು ಗಿಲಾವು, ಗ್ರಾನೈಟ್ ನೆಲಗಳಾದರೋ ತಮ್ಮ ಮೇಲೆ ಬಿದ್ದ ಧ್ವನಿಯನ್ನು ಬಹುಪಾಲು ಹಿಂದಕ್ಕೆ ಎಸೆಯುತ್ತವೆ.

ವಿಜಯಪುರದ ಗೋಳಗುಮ್ಮಟ ಇದಕ್ಕೆ ಕಣ್ಣೆದುರಿನ ನಿದರ್ಶನ. 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲಶಾಹನ ಆ ಸಮಾಧಿಯ ಗುಮ್ಮಟದ ಒಳವ್ಯಾಸ ಸುಮಾರು 38 ಮೀಟರು. ಗಾರೆಯ ಮೈಯಿಂದ ಪ್ರತಿಫಲಿಸಿದ ಒಂದು ಚಪ್ಪಾಳೆ ಹಲವು ಸಲ ಮರುದನಿಗೊಡುತ್ತದೆ. ಅಲ್ಲಿ ಅದು ಸೋಜಿಗ. ಪಾಠದ ಕೋಣೆಯಲ್ಲಿ ಅದೇ ಗುಣ ದೋಷ. ಹಿಂದಿನ ಅಕ್ಷರದ ನಾದ ಅಡಗುವ ಮುನ್ನವೇ ಮುಂದಿನ ಅಕ್ಷರ ಬಂದರೆ ‘ಬಲ’ವೆಂದುದು ‘ಫಲ’ವಾಗಿ ಕೇಳುತ್ತದೆ. ಶುದ್ಧಲೇಖನದ ತಪ್ಪಿಗೆ ದಂಡನೆ ಮಾತ್ರ ಬಾಲಕನಿಗೆ.

ಈ ವಿಷಯಕ್ಕೆ ಶಾಸ್ತ್ರದ ರೂಪ ಕೊಟ್ಟವರು ಅಮೆರಿಕೆಯ ಹಾರ್ವರ್ಡ್ ವಿಶ್ವವಿದ್ಯಾಲಯದ ವಾಲೇಸ್ ಸಬೈನ್. 1895ರಲ್ಲಿ ಅಲ್ಲಿಯ ಒಂದು ಉಪನ್ಯಾಸ ಮಂದಿರದಲ್ಲಿ ಆಡಿದ ಮಾತು ಐದು ಸೆಕೆಂಡಿಗೂ ಮೀರಿ ಅನುರಣಿಸುತ್ತಿತ್ತು. ಸಬೈನರು ಆಸನದ ಮೆತ್ತೆಗಳನ್ನು ತಂದಿರಿಸಿ, ಧ್ವನಿ ಅಡಗುವ ಕಾಲವನ್ನು ಅಳೆದು ಸೂತ್ರವನ್ನು ಕಂಡುಕೊಂಡರು. ಆ ಸೂತ್ರದಂತೆ ಎಣಿಸಿದರೆ, 8 ಮೀಟರು ಉದ್ದ, 6 ಮೀಟರು ಅಗಲ, ಮೂರೂವರೆ ಮೀಟರು ಎತ್ತರದ ಬರಿಗೋಡೆಯ ಮುಚ್ಚಿದ ಕೋಣೆಯಲ್ಲಿ ಅನುರಣನ 4 ಸೆಕೆಂಡನ್ನು ಮೀರುತ್ತದೆ. 40 ಮಕ್ಕಳು ಕುಳಿತಾಗ ಸುಮಾರು 1 ಸೆಕೆಂಡಿಗೆ ಇಳಿಯುತ್ತದೆ. ಅಮೆರಿಕೆಯಲ್ಲಿ 2002ರಲ್ಲಿ ರೂಪುಗೊಂಡ ಮಾನದಂಡವಾದರೋ ಇಂಥ ಕೋಣೆ ಬರಿದಾಗಿದ್ದಾಗಲೇ ಅದು 0.6 ಸೆಕೆಂಡನ್ನು ಮೀರಬಾರದೆನ್ನುತ್ತದೆ.

ಹೊರಗಿನ ಸದ್ದಿನ ಸಮಸ್ಯೆ ಬೇರೆ. ರಬಕವಿ-ಬನಹಟ್ಟಿಯ ವಿದ್ಯುತ್ ಮಗ್ಗಗಳು ಸಾವಿರಾರು ಮನೆಗಳ ಅನ್ನದ ಕಾಯಕ. ಅವು ನಿಲ್ಲಬೇಕೆನ್ನುವುದು ಅನ್ಯಾಯ. ಕೋಣೆಯ ಕಿಟಕಿಗಳು ಮಗ್ಗದ ಓಣಿಗಾಗಲಿ ರಸ್ತೆಗಾಗಲಿ ಮುಖಮಾಡದೆ ಒಳಅಂಗಳದತ್ತ ತೆರೆಯುವಂತೆ ನಕ್ಷೆ ಹಾಕುವುದೇ ಯೋಗ್ಯ ಮಾರ್ಗ. 2000ದ ಶಬ್ದಮಾಲಿನ್ಯ ನಿಯಮಗಳು ಶಾಂತವಲಯಕ್ಕೆ ಹಗಲಿನಲ್ಲಿ 50 ಡೆಸಿಬೆಲ್ ಮಿತಿಯನ್ನು ವಿಧಿಸಿವೆ. ಆದರೆ ನಿಯಮವೊಂದೇ ಗದ್ದಲವನ್ನು ತಡೆಯದು, ಗೋಡೆ ತಡೆಯಬೇಕು.

ಧ್ವನಿವರ್ಧಕ ತಂದರೆ ಸಾಲದೇ ಎಂದು ಕೇಳುವವರುಂಟು. ಅದು ಮಾತಿನ ಜೊತೆಗೆ ಮರುದನಿಯನ್ನೂ ಹಿಗ್ಗಿಸುತ್ತದೆ. ಪರಿಹಾರ ಇರುವುದು ಮೃದುವಾದ ವಸ್ತುಗಳಲ್ಲಿ. ಹಿಂದಿನ ಗೋಡೆಗೆ ಕೊಂಚ ಅಂತರ ಬಿಟ್ಟು ತೂಗಿದ ದಪ್ಪ ಕೌದಿ, ನೆಲಕ್ಕೆ ಜಮಖಾನೆ, ಛಾವಣಿಯ ಕೆಳಗೆ ರಂಧ್ರಯುಕ್ತ ಹಲಗೆ ಇವೆಲ್ಲ ಅನುರಣನವನ್ನು ಕುಗ್ಗಿಸುತ್ತವೆ. ಕೌದಿ ಹೊಲಿಯುವ ತಾಯಂದಿರು ಈ ನಾಡಿನ ಹಳ್ಳಿಗಳಲ್ಲಿ ಇನ್ನೂ ಇದ್ದಾರೆ. ಬಟ್ಟೆಯಿಂದ ಬೆಂಕಿಯ ಭಯವುಂಟಾದುದರಿಂದ ಅದನ್ನು ವಿದ್ಯುತ್ ತಂತಿಗಳಿಂದ ದೂರವಿರಿಸಬೇಕು.

ದಾನಿಯ ಹೆಸರನ್ನು ಶಿಲೆಯಲ್ಲಿ ಕೆತ್ತುವುದು ಕೃತಜ್ಞತೆಯ ರೂಢಿ, ಅದು ಉಳಿಯಲಿ. ಆದರೆ ಆ ಶಿಲೆಯಿರುವ ಕೋಣೆಯಲ್ಲಿ ಗುರುವಿನ ಮಾತು ಕರಗಿಹೋದರೆ ಅಕ್ಷರ ದಾಸೋಹ ಅರ್ಧಕ್ಕೇ ನಿಂತಂತೆ. ಮುಂದಿನ ಕೋಣೆಯ ನೆಲಕ್ಕೆ ಹೊಳಪು ಕೊಡುವ ಮೊದಲು, ಕಡೆಯ ಸಾಲಿನಲ್ಲಿ ಒಮ್ಮೆ ಕುಳಿತು ಕಿವಿಗೊಡುವುದು ಕಟ್ಟಿಸುವವರೆಲ್ಲರ ಕರ್ತವ್ಯ.