ಭಾಗ 3: ಫಾರ್ಮ್ಯಾಟ್ ಹೊಡೆಸೋ ಮುಂಚೆ ಒಂದ್ನಿಮಿಷ

ಯುಯುಸಿಎಂಎಸ್‌ನಲ್ಲಿ ಪರೀಕ್ಷಾ ಅರ್ಜಿ ತುಂಬೋಕೆ ಇವತ್ತೇ ಕೊನೇ ದಿನ. ಲ್ಯಾಪ್‌ಟಾಪ್ ಮಾತ್ರ ಐದು ನಿಮಿಷದಿಂದ ಗಿರಗಿರ ಸುತ್ತುತ್ತಾ ಇದೆ. ಮಾರನೇ ದಿನ ನೀವೇನ್ಮಾಡ್ತೀರಿ? ಭದ್ರಾವತೀಲಿ ಬಸ್ ಹತ್ತಿ ಶಿವಮೊಗ್ಗಕ್ಕೆ ಬಂದು, ಯಾವ್ದೋ ಅಂಗಡೀಲಿ "ಅಣ್ಣಾ, ಫಾರ್ಮ್ಯಾಟ್ ಹೊಡೀರಿ" ಅಂತೀರಿ.

ನೆಗಡಿ ಬಂತು ಅಂತ ಮೂಗು ಕೊಯ್ದುಕೊಂಡ ಹಾಗಾಯ್ತು ಇದು! ಬ್ಯಾಕಪ್ ಇಲ್ದಿದ್ರೆ ಪ್ರಾಜೆಕ್ಟ್ ಫೈಲೂ ಹೋಯ್ತು, ದುಡ್ಡೂ ಹೋಯ್ತು. ಎರಡು ವಾರದಲ್ಲಿ ಅವೇ ಆ್ಯಪ್ ಮತ್ತೆ ಹಾಕ್ಕೊಂಡು ಮತ್ತದೇ ಕಥೆ.

ಮೊದಲು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ. ಟಾಸ್ಕ್ ಮ್ಯಾನೇಜರ್‌ನಲ್ಲಿ ಸ್ಟಾರ್ಟಪ್ ನೋಡಿ. ಟೀಮ್ಸ್, ಸ್ಪಾಟಿಫೈ, ಗೇಮ್ ಲಾಂಚರ್, ಟೊರೆಂಟ್ (ಹ್ಞೂಂ, ಗೊತ್ತು ಬಿಡಿ), ಎಲ್ಲಾ ಕರೆಯದೇನೇ ಊಟಕ್ಕೆ ಬಂದು ಕೂತಿರುತ್ತವೆ. ಡಿಸೇಬಲ್ ಮಾಡಿ. ಆ್ಯಪ್ ಡಿಲೀಟ್ ಆಗಲ್ಲ, ಬೇಕಾದಾಗ ನೀವೇ ತೆರೀಬಹುದು. ಆ್ಯಂಟಿವೈರಸ್ ಮಾತ್ರ ಮುಟ್ಬೇಡಿ.

ಆಮೇಲೂ ನಿಧಾನವಾ? ಹಾಗಾದ್ರೆ ಒಳಗೆ ಹಳೇ ಹಾರ್ಡ್ ಡಿಸ್ಕ್ ಇರಬಹುದು. ಲ್ಯಾಪ್‌ಟಾಪ್‌ಗಳಲ್ಲಿ ಅದು ಸಾಮಾನ್ಯವಾಗಿ ನಿಮಿಷಕ್ಕೆ 5400 ಸುತ್ತು ತಿರುಗುತ್ತೆ. ವಿಂಡೋಸ್ ಶುರುವಾಗೋವಾಗ ಚಿಕ್ಕಚಿಕ್ಕ ಫೈಲುಗಳನ್ನ ಅಲ್ಲೊಂದು ಇಲ್ಲೊಂದು ಹುಡುಕ್ತಾ ಓಡಾಡಬೇಕು. ಎಸ್‌ಎಸ್‌ಡೀಲಿ ತಿರುಗೋ ಭಾಗವೇ ಇಲ್ಲ. ಫಾರ್ಮ್ಯಾಟ್‌ಗೆ ಪದೇಪದೇ ಕೊಡೋ ದುಡ್ಡು ಕೂಡಿಟ್ಟು 256 ಜಿಬಿದು ಒಂದು ಹಾಕ್ಸಿ. ಹೊಸ ಲ್ಯಾಪ್‌ಟಾಪ್ ಬೇಕು ಅಂತ ಮನೇಲಿ ಜಗಳ ಆಡೋ ಅಗತ್ಯ ಇಲ್ಲ.

ಹಾಂ, ಫಾಸ್ಟ್ ಸ್ಟಾರ್ಟಪ್ ಆನ್ ಇದ್ರೆ ಶಟ್‌ಡೌನ್ ಕೊಟ್ರೂ ವಿಂಡೋಸ್ ಪೂರ್ತಿ ಮಲಗಲ್ಲ. ವಾರಕ್ಕೊಮ್ಮೆ ರೀಸ್ಟಾರ್ಟ್ ಕೊಡಿ.

ನಿಮ್ಮ ಲಿಸ್ಟ್‌ನಲ್ಲಿ ಕರೆಯದ ನೆಂಟರು ಎಷ್ಟಿದ್ರು, ಹೇಳಿ.